ಸಿಡುಬಿಗೆ ಗೋವು ಕೊಟ್ಟ ಕವಚ



ಪೂರ್ವದಲ್ಲಿ ಸಿಡುಬೆಂಬ ವ್ಯಾಧಿಯು ಊರನ್ನು ಹೊಕ್ಕಿತೆಂದರೆ, ಅದು ತಗುಲಿದ ಹತ್ತು ಮಂದಿಯಲ್ಲಿ ಸುಮಾರು ಮೂವರು ಮಡಿಯುತ್ತಿದ್ದರು. ಉಳಿದವರಲ್ಲಿ ಅನೇಕರು ಮುಖದ ಕಲೆಗಳನ್ನೂ ಕೆಲವರು ಅಂಧತ್ವವನ್ನೂ ಹೊತ್ತು ಬಾಳುತ್ತಿದ್ದರು. ಬದುಕಿ ಉಳಿದವನಿಗೆ ಅದು ಮರಳಿ ಬಾರದೆಂಬುದನ್ನು ಜನರು ಅನುಭವದಿಂದ ಅರಿತಿದ್ದರು. ಆದುದರಿಂದಲೇ ಬಂಗಾಳ ಮೊದಲಾದ ಕಡೆಗಳಲ್ಲಿ ರೋಗಿಯ ಗುಳ್ಳೆಯ ಕೀವನ್ನು ಆರೋಗ್ಯವಂತನ ತೋಳಿಗೆ ಗೀರಿ ಸೇರಿಸಿ, ಸೌಮ್ಯವಾದ ಸಿಡುಬನ್ನು ಬುದ್ಧಿಪೂರ್ವಕವಾಗಿ ಬರಿಸುವ ಪದ್ಧತಿಯಿದ್ದಿತು. ಬಹುಮಂದಿ ಇದರಿಂದ ಉಳಿದರು; ಆದರೆ ಕೆಲವರು ಸತ್ತರು, ನೆರೆಯವರಿಗೆ ನಿಜವಾದ ಸಿಡುಬೇ ಹರಡುತ್ತಲೂ ಇದ್ದಿತು.

ಗೋಸಿಡುಬು ಬಂದು ಹೋದ ಗೊಲ್ಲತಿಯರಿಗೆ ಮಹಾಸಿಡುಬು ಬಾರದೆಂಬುದು ಆಂಗ್ಲದೇಶದ ಹಳ್ಳಿಗರ ಮಾತು. 1796ರಲ್ಲಿ ಎಡ್ವರ್ಡ್ ಜೆನ್ನರ್ ಎಂಬ ವೈದ್ಯನು ಇದನ್ನು ಪರೀಕ್ಷಿಸಲೆಳಸಿ, ಹಾಲು ಕರೆಯುವ ಸಾರಾ ನೆಲ್ಮ್ಸಳ ಕೈಗುಳ್ಳೆಯ ರಸವನ್ನು ಜೇಮ್ಸ್ ಫಿಪ್ಸನೆಂಬ ಎಂಟು ವರ್ಷದ ಬಾಲಕನ ತೋಳಿಗೆ ಸೇರಿಸಿದನು. ಕೆಲವು ವಾರಗಳ ಮೇಲೆ ಸಿಡುಬಿನ ಕೀವನ್ನೇ ಹಚ್ಚಿದರೂ ಬಾಲಕನಿಗೆ ರೋಗವು ತಾಗಲಿಲ್ಲ. (ಮಗುವಿನ ಮೇಲೆ ಇಂತಹ ಪರೀಕ್ಷೆಯನ್ನು ಇಂದಿನ ವೈದ್ಯಧರ್ಮವು ಸರ್ವಥಾ ಒಪ್ಪದು.) ಲ್ಯಾಟಿನ್ ಭಾಷೆಯಲ್ಲಿ ‘ವಾಕ್ಕಾ’ ಎಂದರೆ ಹಸು, ‘ವ್ಯಾಕ್ಸೀನ್’ ಎಂಬ ಹೆಸರು ಅದರಿಂದಲೇ ಬಂದುದು.

ಇದರ ಮರ್ಮವೇನು? ರಕ್ತದಲ್ಲಿರುವ ಬಿಳಿಯ ಕಣಗಳಿಗೆ ಪರಕೀಯನನ್ನು ಗುರುತಿಸುವ ಶಕ್ತಿಯುಂಟು. ಹೊಸ ಶತ್ರುವು ಬಂದಾಗ ಅದಕ್ಕೆ ತಕ್ಕ ಪ್ರತಿಕಾಯಗಳನ್ನು ಸಿದ್ಧಪಡಿಸಲು ಅವಕ್ಕೆ ಕೆಲವು ದಿನಗಳು ಬೇಕು. ಘೋರವ್ಯಾಧಿಯಾದರೆ ಅಷ್ಟರಲ್ಲಿಯೇ ದೇಹವು ಸೋಲಬಹುದು. ಲಸಿಕೆಯಾದರೋ ಶಕ್ತಿಗುಂದಿದ ಅಥವಾ ಸತ್ತ ರೋಗಾಣುವನ್ನೋ, ಅದರ ಒಂದಂಶವನ್ನೋ, ಗೋಸಿಡುಬಿನಂತೆ ಅದರ ಸೌಮ್ಯ ದಾಯಾದಿಯನ್ನೋ ಮುಂಚಿತವಾಗಿ ತೋರಿಸುತ್ತದೆ. ಆ ಕಣಗಳಲ್ಲಿ ಕೆಲವು ಆ ಗುರುತನ್ನು ಮರೆಯದೆ ಬಹುಕಾಲ ಉಳಿಯುವುವು. ಮುಂದೆ ನಿಜವಾದ ಶತ್ರುವು ಬಂದಾಗ ತಡವಿಲ್ಲದೆ ಎದುರಿಸುವುವು. ಕೆಲವು ಲಸಿಕೆಗಳಲ್ಲಿ ಈ ನೆನಪು ಮಾಸುವುದರಿಂದ ಮತ್ತೆ ಹಾಕಿಸಬೇಕಾಗುತ್ತದೆ. ಹಾಕಿಸಿಕೊಂಡ ಮೇಲೆ ಒಂದೆರಡು ದಿನ ತೋಳು ನೋಯುವುದೂ ಜ್ವರ ಬರುವುದೂ ಸಾಮಾನ್ಯವಾಗಿ ಈ ಅಭ್ಯಾಸದ ಲಕ್ಷಣಗಳೇ.

ಭರತಖಂಡದಲ್ಲಿ 1802ನೆಯ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಶಿಶುವಿಗೆ ಇದು ಮೊದಲು ಫಲಿಸಿತು. ಆಗ ರಸವನ್ನು ಕೆಡದಂತೆ ಇಡುವ ಉಪಾಯವಿಲ್ಲದುದರಿಂದ ಒಬ್ಬರ ತೋಳಿನಿಂದ ಮತ್ತೊಬ್ಬರ ತೋಳಿಗೆ ದಾಟಿಸಬೇಕಾಗಿದ್ದಿತು. ಯಾರದೋ ಮೈಯ ರಸವೆಂದು ಜನರು ಅಳುಕಿದುದರಲ್ಲಿ ಆಶ್ಚರ್ಯವಿಲ್ಲ. ಹೀಗಿರುವಲ್ಲಿ ಮೈಸೂರಿನ ಅರಮನೆಯ ಸ್ತ್ರೀಯರೇ ಮುಂದಾದರು. ಥಾಮಸ್ ಹಿಕಿ ಎಂಬ ಚಿತ್ರಕಾರನು 1805ರ ಸುಮಾರಿಗೆ ಬರೆದ ಚಿತ್ರದಲ್ಲಿ ಮೂವರು ರಾಜಸ್ತ್ರೀಯರಿದ್ದಾರೆ. ಅವರಲ್ಲೊಬ್ಬಳು ಸೀರೆಯನ್ನು ಸರಿಸಿ ತೋರುತ್ತಿರುವುದು ದೇವಿ ಹಾಕಿಸಿಕೊಂಡ ತೋಳನ್ನೇ ಎಂದು ಇತಿಹಾಸಜ್ಞರು ಊಹಿಸಿದ್ದಾರೆ. ಅಂತಃಪುರದ ಸ್ತ್ರೀಯು ಪರದೇಶಿಯ ಮುಂದೆ ತೋಳನ್ನು ತೋರಿದುದು ಅಲ್ಪ ಸಂಗತಿಯಲ್ಲ.

ಭಾರತದಲ್ಲಿ ಸಿಡುಬು 1975ರಲ್ಲಿ ಕೊನೆಗಂಡಿತು. ಸ್ವಾಭಾವಿಕವಾಗಿ ತಗುಲಿದ ಕಡೆಯ ರೋಗಿಯು 1977ರಲ್ಲಿ ಸೊಮಾಲಿಯಾದಲ್ಲಿ ಕಂಡನು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದು ಲೋಕದಿಂದಲೇ ತೊಲಗಿತೆಂದು ಸಾರಿತು. ದಡಾರವು ಇನ್ನೂ ತೊಲಗಿಲ್ಲ. ಅದರ ಮೊದಲ ಲಸಿಕೆಯನ್ನು ನಮ್ಮ ದೇಶದಲ್ಲಿ ಒಂಬತ್ತು ತಿಂಗಳು ತುಂಬಿದ ಮೇಲೆ ಹಾಕುತ್ತಾರೆ. ಅದಕ್ಕಿಂತ ಎಳೆಯ ಕೂಸಿಗೆ ತಾಯಿಯಿಂದ ಬಂದ ರಕ್ಷೆಯು ದಿನದಿನಕ್ಕೆ ಕುಗ್ಗುತ್ತ ಬರುವುದರಿಂದ, ಕೇರಿಯ ನೂರು ಜನರಲ್ಲಿ ಸುಮಾರು ತೊಂಬತ್ತೈದು ಮಂದಿಗಾದರೂ ಆ ಶಕ್ತಿಯಿದ್ದಲ್ಲಿ ಮಾತ್ರವೇ ವ್ಯಾಧಿಯು ಅದರ ತೊಟ್ಟಿಲವರೆಗೆ ಬರಲು ದಾರಿ ಕಾಣದೆ ನಿಲ್ಲುವುದು.