ನಕ್ಕಿದ್ದು ಗೊತ್ತಾಗುವುದು ಚರ್ಮದಿಂದ
(ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಆರೋಗ್ಯ ಮಾಹಿತಿ)



ನಿಮ್ಮಲ್ಲಿ ಹಲ್ಲು ಕೀಳಿಸಿಕೊಂಡವರು ಎಷ್ಟು ಜನ? ಕೈ ಎತ್ತಿ ನೋಡೋಣ. ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಊದಿದ ಹಾಗೆ ಅನಿಸ್ತದೆ, ಅಲ್ವಾ? ಕನ್ನಡಿ ನೋಡಿದರೆ ಅಷ್ಟೇನೂ ಊದಿರುವುದಿಲ್ಲ. ನೀರು ಕುಡಿದರೆ ಬಾಯಿಯ ಬದಿಯಿಂದ ಸೋರ್ತದೆ, ಮಾತು ತೊದಲ್ತದೆ. ಸಾಮಾನ್ಯವಾಗಿ ಆಗ ತುಟಿ ಆಡಿಸುವ ಶಕ್ತಿ ಹೋಗಿರುವುದಿಲ್ಲ, ಹೋಗಿರುವುದು ಸ್ಪರ್ಶಜ್ಞಾನ.

ಇದಕ್ಕೆ ಕಾರಣವಿದೆ. ಕೈಕಾಲಿನ ಸ್ನಾಯುಗಳೊಳಗೆ ಎಳೆತವನ್ನು ಅಳೆಯುವ ಸಣ್ಣ ಸಣ್ಣ ಅಂಗಗಳಿವೆ. ಕಣ್ಣು ಮುಚ್ಚಿದರೂ ಕೈ ಎಲ್ಲಿದೆ ಅಂತ ತಿಳಿಯುವುದು ಅವುಗಳಿಂದ. ನಗುವಾಗ, ತುಟಿ ಮುಚ್ಚುವಾಗ ದುಡಿಯುವ ಮುಖದ ಸ್ನಾಯುಗಳಲ್ಲಿ ಇವು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಈ ಸ್ನಾಯುಗಳು ಚರ್ಮಕ್ಕೇ ಅಂಟಿಕೊಂಡಿವೆ. ಈಗ ಎಲ್ಲರೂ ಕಣ್ಣು ಮುಚ್ಚಿ ಒಮ್ಮೆ ನಗಿ. ಕೆನ್ನೆ ಎಳೆದ ಹಾಗಾಯ್ತಲ್ಲ? ಆ ಎಳೆತವನ್ನು ಚರ್ಮದ ನರದ ತುದಿಗಳು ಮಿದುಳಿಗೆ ತಿಳಿಸುತ್ತವೆ.

ಮುಖವನ್ನು ಆಡಿಸುವುದು ಮಿದುಳಿನಿಂದ ಬರುವ ಏಳನೆಯ ನರ. ಸ್ಪರ್ಶದ ಸುದ್ದಿ ಒಯ್ಯುವುದು ಐದನೆಯ ನರ. ಸಂಘದಲ್ಲಿ ಹಣ ಕಟ್ಟುವವರು ಬೇರೆ, ಪುಸ್ತಕ ಬರೆಯುವವರು ಬೇರೆ ಇದ್ದ ಹಾಗೆ. ಹಣ ಕಟ್ಟಿಯೂ ಪುಸ್ತಕ ಬರೆಯದಿದ್ದರೆ ಲೆಕ್ಕ ತಪ್ಪುತ್ತದೆ. ಮುಖದ ಕತೆಯೂ ಅಷ್ಟೇ.

ಆದ್ದರಿಂದ ಈ ಮೂರು ಮಾತು ನೆನಪಿಡಿ:

1. ಹಲ್ಲಿನ ಇಂಜೆಕ್ಷನ್ ಆದ ಮೇಲೆ ಮರಗಟ್ಟಿದ್ದು ಬಿಡುವವರೆಗೆ ಊಟ, ಬಿಸಿ ಚಾ ಬೇಡ. ಮಕ್ಕಳು ಗೊತ್ತಿಲ್ಲದೆ ತುಟಿ ಕಚ್ಚಿ ಗಾಯ ಮಾಡ್ಕೊಳ್ತಾರೆ. ಪಕ್ಕದಲ್ಲೇ ಕೂತು ನೋಡಿಕೊಳ್ಳಿ.

2. ಮುಖದಲ್ಲಾಗಲಿ ಮೈಯಲ್ಲಾಗಲಿ ಬಣ್ಣ ಮಾಸಿದ, ಮುಟ್ಟಿದರೆ ತಿಳಿಯದ ಮಚ್ಚೆ ಇದ್ದರೆ ಕುಷ್ಠರೋಗ ಇರಬಹುದು. ಮುಖದ ಮಚ್ಚೆಯಲ್ಲಿ ಸ್ಪರ್ಶ ಉಳಿದಿದ್ದರೂ ತೋರಿಸಿ. ಮಗಳ ಮದುವೆ ನಿಂತೀತು ಅಂತ ಮುಚ್ಚಿಡಬೇಡಿ. ಇದು ಗುಣವಾಗುವ ಕಾಯಿಲೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಔಷಧಿ ಉಚಿತ. ತಡಮಾಡಿದರೆ ನರ ಹಾಳಾಗಿ ಕಣ್ಣಿಗೂ ಅಪಾಯ.

3. ಬಾಯಿ ಇದ್ದಕ್ಕಿದ್ದಂತೆ ಓರೆಯಾದರೆ, ಮುಖದ ಒಂದು ಬದಿ ಮರಗಟ್ಟಿದರೆ, ಗಾಳಿ ತಾಗಿತು ಅಂತ ಎಣ್ಣೆ ಹಚ್ಚುತ್ತಾ ಕೂರಬೇಡಿ. ಪಾರ್ಶ್ವವಾಯು ಇರಬಹುದು. ಕೂಡಲೇ 108ಕ್ಕೆ ಫೋನ್ ಮಾಡಿ. ರಕ್ತದ ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಏಳನೆಯ ನರ ಊದಿಕೊಂಡರೂ ಬಾಯಿ ಓರೆಯಾಗ್ತದೆ. ಅದಕ್ಕೂ ಮೂರು ದಿನದೊಳಗೆ ಮಾತ್ರೆ ಶುರುವಾಗಬೇಕು. ಯಾವುದು ಏನೆಂದು ಡಾಕ್ಟರೇ ಹೇಳಲಿ, ನಾವು ಮನೆಯಲ್ಲಿ ತೀರ್ಮಾನ ಮಾಡುವುದು ಬೇಡ.

ಇಂದು ಬಾರದ ಸದಸ್ಯೆಯರಿಗೂ ಮುಂದಿನ ವಾರದ ಸಭೆಯಲ್ಲಿ ಇದನ್ನು ತಿಳಿಸಿ.