ನೀರಿನ ನಾಲ್ಕು ದನಿ



ನಲ್ಲಿಯ ಕೆಳಗೆ ಬಿಂದಿಗೆ ಇಟ್ಟು ಬೇರೆ ಕೆಲಸಕ್ಕೆ ಹೋಗುತ್ತೇವಲ್ಲ. ಬಿಂದಿಗೆ ತುಂಬುತ್ತಾ ಬಂದಂತೆ ನೀರಿನ ದನಿ ಮೇಲೇರುತ್ತದೆ. ಅದು ಕೇಳಿಸಿದ್ದೇ ತಡ, ಓಡಿಬರುತ್ತೇವೆ. ನೀರನ್ನು ನಾವು ಕಿವಿಯಿಂದಲೂ ಬಲ್ಲೆವು.

ಪಾಶ್ಚಾತ್ಯ ಪಿಯಾನೋ ಕಛೇರಿಗಳಲ್ಲಿ ಒಂದು ಪದ್ಧತಿಯಿದೆ. ಒಂದು ವಿಷಯ ಹಿಡಿದು, ಅದಕ್ಕೆ ಹೊಂದುವ ಕೃತಿಗಳನ್ನು ಪೋಣಿಸುವುದು. ನೀರು ಅಂಥದೊಂದು ವಿಷಯ. ಮೊದಲು ಶೋಪೆನ್‌ನ ಬಾರ್ಕರೋಲ್ ಇಟ್ಟುಕೊಳ್ಳಿ. ವೆನಿಸ್ ದೋಣಿಗಾರರ ಹಾಡಿನ ಜಾಡು ಅದು. ಎಡಗೈ ದೋಣಿಯಂತೆ ತೂಗುತ್ತದೆ. ಅದರ ಬೆನ್ನಿಗೆ, ಲಿಸ್ಟ್ 1877ರಲ್ಲಿ ಬರೆದ ವಿಲ್ಲಾ ದೆಸ್ತೆ ತೋಟದ ಕಾರಂಜಿಗಳು. ಎರಡರ ಶ್ರುತಿಯೂ ಒಂದೇ, ಎಫ್ ಶಾರ್ಪ್ ಮೇಜರ್. ದೋಣಿ ಇಳಿದವರು ನೇರವಾಗಿ ತೋಟಕ್ಕೇ ಕಾಲಿಟ್ಟಂತೆ.

ಆಮೇಲೆ ರವೆಲ್‌ನ 1901ರ ಕಾರಂಜಿ. ಲಿಸ್ಟ್‌ನ ಕಾರಂಜಿಯಲ್ಲಿ ಭಕ್ತಿಯಿದೆ. ಸ್ವರಲಿಪಿಯ ನಡುವೆ ಯೋಹಾನನ ಸುವಾರ್ತೆಯ ಮಾತನ್ನೇ ಆತ ಬರೆದಿಟ್ಟ. ರವೆಲ್‌ನದೋ, ತುಂಟತನ. ಪಕ್ಕಪಕ್ಕ ಕೇಳಿದಾಗಲೇ ಈ ವ್ಯತ್ಯಾಸ ತಿಳಿಯುವುದು. ಕಡೆಗೆ ದೆಬ್ಯುಸಿ, ನೀರಿನಲ್ಲಿ ಕಾಣುವ ಬಿಂಬಗಳು. ಅದು ಮೆಲ್ಲಗೆ, ಮೌನಕ್ಕೆ ಜಾರುತ್ತದೆ.

ಆದರೆ ಒಂದು ಅಪಾಯವೂ ಉಂಟು. ಎಲ್ಲವೂ ಜುಳುಜುಳು ಎಂದರೆ ಕಿವಿ ತೊಯ್ದು ದಣಿಯುತ್ತದೆ. ನಾನಾದರೆ ನಡುವೆ ಬಾಕ್‌ನ ಒಂದು ಫ್ಯೂಗ್ ಇಡುತ್ತೇನೆ, ಒಂದೇ ಎಳೆಯನ್ನು ಹಲವು ದನಿಗಳು ಒಂದರ ಹಿಂದೊಂದು ಹಿಡಿಯುವ ಕೃತಿ. ಕೊಳದ ಬದಿಯ ಒಣ ಮೆಟ್ಟಿಲಿನ ಹಾಗೆ. ವಿಷಯಕ್ಕೆ ಹೊಂದದಿದ್ದರೂ ಪರವಾಗಿಲ್ಲ.

ಇವತ್ತು ನಲ್ಲಿಯಲ್ಲಿ ನೀರು ಬಂದಾಗ ಬೇರೆ ಕೆಲಸಕ್ಕೆ ಹೋಗಬೇಡಿ. ಬಿಂದಿಗೆ ತುಂಬುವವರೆಗೆ ಅಲ್ಲೇ ನಿಂತು ಕೇಳಿ.