ಕಿಸೆಯೊಳಗಿನ ಕಂಪ್ಯೂಟರು

(ಅಂಧೇರಿಯಲ್ಲಿ ಸೇರಿದ ಸಂಘದ ಸದಸ್ಯರ ಸಭೆಯಲ್ಲಿ ನಮ್ಮ ಸಂಘಟಕರೊಬ್ಬರು ಮಾಡಿದ ಭಾಷಣ)



ಇಂದಿನ ಸಭೆಯ ಮುಂದೆ ಒಂದು ಸೂಚನೆ ಇದೆ. ಕಚೇರಿಯ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ನಾಲ್ಕು ಹಳೆಯ ಕಂಪ್ಯೂಟರುಗಳನ್ನು ಭಂಗಾರದವನಿಗೆ ಮಾರಿಬಿಡಬೇಕು ಎಂದು. ಅದನ್ನು ವಿರೋಧಿಸಲು ಎದ್ದು ನಿಂತಿದ್ದೇನೆ. ವಿರೋಧಕ್ಕೆ ಕಾರಣ ಕೊಡಬೇಕಷ್ಟೆ. ಆ ಕಾರಣ ನನ್ನ ಕಿಸೆಯಲ್ಲೇ ಇದೆ. ಹೆಬ್ಬೆರಳಿನಷ್ಟು ಉದ್ದದ ಈ ಪೆನ್ ಡ್ರೈವು.

ಆ ಯಂತ್ರಗಳು ಕೆಟ್ಟು ನಿಂತಿಲ್ಲ. ಅವುಗಳಲ್ಲಿರುವ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪೆನಿ 2025ರ ಅಕ್ಟೋಬರ್ 14ರಂದು ತನ್ನ ಸಾಮಾನ್ಯ ಬೆಂಬಲವನ್ನು ಮುಗಿಸಿತು. ವಿಂಡೋಸ್ 11 ಹಾಕೋಣವೆಂದರೆ ಟಿ.ಪಿ.ಎಂ. 2.0 ಎಂಬ ಭದ್ರತಾ ಏರ್ಪಾಡು ಬೇಕು, ಹೊಸ ತಲೆಮಾರಿನ ಪ್ರೊಸೆಸರ್ ಬೇಕು ಎಂಬ ಕರಾರು. ನಿನ್ನೆಯ ತನಕ ದುಡಿದ ಯಂತ್ರ ಇಂದು ಮುದಿಯಾಯಿತು. ಗಿರಣಿಯ ಹಿರಿಯರಿಗೆ ಈ ಮಾತು ಹೊಸದಲ್ಲ. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ, ಮಗ್ಗದ ಜೊತೆಗೆ ಮಗ್ಗದ ಮುಂದೆ ನಿಂತವನನ್ನೂ ಹಳತು ಎಂದು ಪಕ್ಕಕ್ಕೆ ಸರಿಸಿದ್ದನ್ನು ನೀವು ಕಣ್ಣಾರೆ ಕಂಡವರು.

ಕಂಪ್ಯೂಟರಿನ ಗುಂಡಿ ಒತ್ತಿದೊಡನೆ ಏನಾಗುತ್ತದೆ? ಮೊದಲು ಮದರ್‌ಬೋರ್ಡಿನಲ್ಲಿರುವ ಒಂದು ಚಿಕ್ಕ ಪ್ರೋಗ್ರಾಮು ಎಚ್ಚರಗೊಳ್ಳುತ್ತದೆ. ಹಳೆಯದಕ್ಕೆ ಬಯೋಸ್ ಎಂದೂ ಹೊಸದಕ್ಕೆ ಯು.ಇ.ಎಫ್.ಐ. ಎಂದೂ ಹೆಸರು. ಅದು ಮೆಮೊರಿ, ಕೀಬೋರ್ಡು ಎಲ್ಲ ಸರಿಯಿವೆಯೇ ಎಂದು ನೋಡಿಕೊಂಡು, ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಎಲ್ಲಿದೆ ಎಂದು ಹುಡುಕುತ್ತದೆ. ಸಾಮಾನ್ಯವಾಗಿ ಒಳಗಿನ ಡಿಸ್ಕಿನಲ್ಲಿ ಸಿಗುತ್ತದೆ, ಅದನ್ನು ಎಬ್ಬಿಸುತ್ತದೆ. ಇದಕ್ಕೇ ಬೂಟ್ ಎನ್ನುವುದು. ಆ ಒಂದೆರಡು ಕ್ಷಣದಲ್ಲಿ ನಾವು ಸರಿಯಾದ ಕೀಲಿ ಒತ್ತಿದರೆ, "ಒಳಗಿನದು ಬೇಡ, ಈ ಪೆನ್ ಡ್ರೈವಿನಲ್ಲಿರುವುದನ್ನು ಎಬ್ಬಿಸು" ಎಂದು ಹೇಳಬಹುದು.

ಮದುವೆಮನೆಗೆ ಅಡುಗೆ ಭಟ್ಟರು ಬಂದ ಹಾಗೆ ಎಂದು ತಿಳಿಯಿರಿ. ಒಲೆ ಮನೆಯವರದು, ನೀರು ಮನೆಯವರದು, ಕೈ ಮಾತ್ರ ಭಟ್ಟರದು. ಊಟ ಮುಗಿಸಿ ಭಟ್ಟರು ಸೌಟು ಹಿಡಿದು ಹೊರಟರೆ ಮನೆಯವರ ಕಪಾಟು ಇದ್ದ ಹಾಗೆಯೇ ಇರುತ್ತದೆ. ಇಲ್ಲಿಯೂ ಹಾಗೆಯೇ. ನಾವಾಗಿ ಒಳಗಿನ ಡಿಸ್ಕನ್ನು ತೆರೆದು ಬರೆಯದಿದ್ದರೆ, ಅಥವಾ 'ಇನ್‌ಸ್ಟಾಲ್' ಒತ್ತದಿದ್ದರೆ, ಅದರಲ್ಲಿರುವುದು ಹಾಗೆಯೇ ಉಳಿಯುತ್ತದೆ.

ಇದನ್ನು ಸಾಧ್ಯ ಮಾಡಿದ್ದು ಲಿನಕ್ಸ್. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಕೆಲಸಕ್ಕೆ ಲೋಕದ ಸಾವಿರಾರು ಜನ ಕೈಗೂಡಿಸಿದರು. 2000ದಲ್ಲಿ ಜರ್ಮನಿಯ ಕ್ಲಾಸ್ ನೋಪರ್ ಎಂಬವರು ನೋಪಿಕ್ಸ್ ಎಂಬ ಸಿ.ಡಿ. ಹೊರತಂದರು, ಸಿ.ಡಿ.ಯಿಂದಲೇ ಇಡೀ ಸಿಸ್ಟಮ್ ನಡೆಯುತ್ತಿತ್ತು. ಇಂದು ಸಿ.ಡಿ.ಯ ಜಾಗಕ್ಕೆ ಪೆನ್ ಡ್ರೈವು ಬಂದಿದೆ. ಮೈಕ್ರೋಸಾಫ್ಟ್ ಕೂಡ 2012ರಲ್ಲಿ 'ವಿಂಡೋಸ್ ಟು ಗೋ' ಎಂದು ಇಂಥದನ್ನೇ ತಂದಿತು. ಆದರೆ ಅದು ದೊಡ್ಡ ಸಂಸ್ಥೆಗಳಿಗೆಂದು ಮಾಡಿದ್ದು, 2020ರಲ್ಲಿ ಅದನ್ನೂ ಕೈಬಿಟ್ಟಿತು. ಲಿನಕ್ಸ್ ಎಲ್ಲರಿಗೂ ಸಿಗುತ್ತದೆ, ಬೆಲೆಯಿಲ್ಲ.

ಮಾಡುವ ಕ್ರಮ ಕಷ್ಟವಲ್ಲ. 16 ಜಿ.ಬಿ.ಯ ಒಂದು ಪೆನ್ ಡ್ರೈವು ತನ್ನಿ. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಊರಿನ ಮದುವೆಯ ಫೋಟೋಗಳಿದ್ದರೆ ಮೊದಲೇ ಬೇರೆಡೆ ಇಟ್ಟುಕೊಳ್ಳಿ. ಲಿನಕ್ಸ್ ಮಿಂಟ್‌ನಂಥದರ ಐ.ಎಸ್.ಓ. ಫೈಲನ್ನು ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು. ಅದನ್ನು ಬರಿದೆ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ. ರೂಫಸ್ ಎಂಬ ಉಚಿತ ಪ್ರೋಗ್ರಾಮಿನಿಂದ ಬರೆಯಬೇಕು. ಬಳಿಕ ಯಂತ್ರಕ್ಕೆ ಚುಚ್ಚಿ, ಗುಂಡಿ ಒತ್ತಿ, ಕೂಡಲೇ ಕೀಲಿ ತಟ್ಟುತ್ತಿರಬೇಕು. ಡೆಲ್, ಲೆನೋವೋ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್.ಪಿ.ಯಲ್ಲಿ ಎಫ್9. 4 ಜಿ.ಬಿ. ಮೆಮೊರಿ ಇದ್ದರೆ ಮಿಂಟ್ ಸಲೀಸಾಗಿ ನಡೆಯುತ್ತದೆ.

ನಮಗೇಕೆ ಇದು ಎಂದು ಕೇಳುವಿರಿ. ಹಾಸಿಗೆ ಸುತ್ತಿಡಲು ಜಾಗವಿಲ್ಲದ ಹೊಟೇಲು ಹುಡುಗ ಕಂಪ್ಯೂಟರನ್ನು ಎಲ್ಲಿಡುತ್ತಾನೆ? ಆದರೆ ಪಿ.ಎಫ್. ಪಾಸ್‌ಬುಕ್ಕು ನೋಡಲು, 2021ರಲ್ಲಿ ಬಂದ ಇ-ಶ್ರಮ್ ಹೆಸರು ನೋಂದಣಿಗೆ, ಅರ್ಜಿ ಬರೆಯಲು, ಟೈಪಿಂಗ್ ಕಲಿಯಲು ಯಂತ್ರ ಬೇಕು. ಮೊಬೈಲಿನಲ್ಲಿ ಪಾಸ್‌ಬುಕ್ಕು ನೋಡಬಹುದು. ನಾಲ್ಕು ಪುಟದ ಮನವಿ ಬರೆಯಲಾಗದು. ಸಂಘದ ಒಂದು ಯಂತ್ರಕ್ಕೆ ಹತ್ತು ಜನ ಹತ್ತು ಪೆನ್ ಡ್ರೈವು ತಂದರೆ, ಒಬ್ಬನ ಕಾಗದಪತ್ರ ಇನ್ನೊಬ್ಬನ ಕಣ್ಣಿಗೆ ಬೀಳುವುದಿಲ್ಲ. ಹಾಸಿಗೆಯ ಹಾಗೆ ಸಿಸ್ಟಮನ್ನೂ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು.

ಕನ್ನಡದ ಚಿಂತೆಯೂ ಬೇಡ. ಲಿನಕ್ಸಿನ ಕೀಬೋರ್ಡು ಪಟ್ಟಿಯಲ್ಲಿ 'ಕಗಪ' ಎಂಬ ಕನ್ನಡ ವಿನ್ಯಾಸವಿದೆ; ಕನ್ನಡ ಗಣಕ ಪರಿಷತ್ತಿನ ಹೆಸರೇ ಅದು. ಅದರ ಮೂಲವನ್ನು ಹೆಣೆದ ಕೆ.ಪಿ. ರಾಯರು ಮಂಗಳೂರು ಕಡೆಯ ಕಿನ್ನಿಕಂಬಳದವರು. ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದುಡಿದವರು. ಕಾಸರಗೋಡಿನ ಬಂಧುಗಳು ಊರಿಗೆ ಹೋದಾಗ ಮಕ್ಕಳನ್ನು ಕೇಳಿ ನೋಡಲಿ. ಕೇರಳದ ಸರಕಾರಿ ಶಾಲೆಗಳ ಕಂಪ್ಯೂಟರು ಪಾಠ ನಡೆಯುವುದು ಲಿನಕ್ಸಿನಲ್ಲೇ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಮಕ್ಕಳಿಗೆ ಬರುವುದು ಅಪ್ಪಂದಿರಿಗೆ ಬಾರದೇ?

ಇನ್ನು ಎಚ್ಚರಿಕೆಯ ಮಾತು. ಬರಿಯ ಲೈವ್ ಪೆನ್ ಡ್ರೈವಿನಲ್ಲಿ ಮಾಡಿದ ಕೆಲಸ ಯಂತ್ರ ಆರಿಸಿದೊಡನೆ ಹೋಗುತ್ತದೆ. ಉಳಿಯಬೇಕಾದರೆ ಬರೆಯುವಾಗಲೇ 'ಪರ್ಸಿಸ್ಟೆಂಟ್' ಎಂಬ ಜಾಗವನ್ನು ತೆಗೆದಿಡಬೇಕು. ಹಾಗೆ ಉಳಿಸಿದ್ದಕ್ಕೆ ಬೀಗವಿರುವುದಿಲ್ಲ. ಡ್ರೈವು ಕಳೆದರೆ ಸಿಕ್ಕಿದವನು ಓದಬಹುದು. ಆದುದರಿಂದ ಪಾಸ್‌ವರ್ಡು ಅದರಲ್ಲಿ ಬರೆದಿಡಬೇಡಿ. ಪೆನ್ ಡ್ರೈವು ಸವೆಯುವ ವಸ್ತು. ಮುಖ್ಯ ಕಾಗದದ ಇನ್ನೊಂದು ಪ್ರತಿ ಬೇರೆಡೆ ಇರಲಿ. ಒಳಗಿನ ಡಿಸ್ಕಿನಲ್ಲಿ ಕದಿಯುವ ಪ್ರೋಗ್ರಾಮು ಇದ್ದರೆ ಅದು ಏಳುವುದಿಲ್ಲ ನಿಜ. ಆದರೆ ಕೀಬೋರ್ಡಿನ ತಂತಿಗೇ ಯಾರಾದರೂ ಕಳ್ಳ ಉಪಕರಣ ಸಿಕ್ಕಿಸಿದ್ದರೆ ಇದರಿಂದ ರಕ್ಷಣೆಯಿಲ್ಲ. ಮಾಲಕರ ಗಲ್ಲಾದ ಯಂತ್ರಕ್ಕೆ ಅವರ ಒಪ್ಪಿಗೆಯಿಲ್ಲದೆ ಇದನ್ನು ಎಂದಿಗೂ ಚುಚ್ಚಬೇಡಿ. ಬಿಲ್ಲಿನ ಲೆಕ್ಕ ಒಂದು ಪೈಸೆ ತಪ್ಪಿದರೂ ಬೆರಳು ನಮ್ಮ ಕಡೆಗೇ ತಿರುಗುತ್ತದೆ.

ಬಂಧುಗಳೇ, ಭಂಗಾರದವನು ಆ ಯಂತ್ರಗಳನ್ನು ಕಿಲೋ ಲೆಕ್ಕದಲ್ಲಿ ತೂಗುತ್ತಾನೆ. ನಾವು ಇನ್ನೊಂದು ತಕ್ಕಡಿಯಲ್ಲಿ ತೂಗೋಣ. ನನ್ನ ತಿದ್ದುಪಡಿ ಇಷ್ಟೆ: ಮಾರುವ ಮಾತನ್ನು ಮೂರು ತಿಂಗಳು ತಡೆಹಿಡಿಯೋಣ. ಒಂದೊಂದು ಹೊಟೇಲಿನಿಂದ ಇಬ್ಬರು, ರಜೆಯ ದಿನ ಮಧ್ಯಾಹ್ನ ಬಂದು ಕಲಿಯಲಿ. ಕಲಿತವರು ಇನ್ನಿಬ್ಬರಿಗೆ ಕಲಿಸಲಿ. ಮೂರು ತಿಂಗಳ ಮೇಲೂ ಯಾರೂ ಮುಟ್ಟದೆ ಧೂಳು ಹಿಡಿದೇ ಇದ್ದರೆ, ಭಂಗಾರದ ಗಾಡಿಗೆ ಅವುಗಳನ್ನು ಹೊರಲು ನಾನೇ ಹೆಗಲು ಕೊಡುತ್ತೇನೆ. ಈ ತಿದ್ದುಪಡಿಯನ್ನು ಸಭೆ ಅಂಗೀಕರಿಸಬೇಕೆಂದು ಬೇಡುತ್ತೇನೆ.